ಸಹಾಯ ಬೇಕು: ಬೇರ್ ಕ್ರೀಕ್ ಹತ್ತಿರ ಮನೆ ತಗೊಳ್ಳಬಹುದಾ?

ಹ್ಯೂಸ್ಟನ್ ಕನ್ನಡಿಗರಿಗೆ ನಮಸ್ಕಾರ. ಬೇರ್ ಕ್ರೀಕ್ ಪಕ್ಕ, ಆಡಿಕ್ಸ್ ಅಣೆಕಟ್ಟಿನ ಹಿಂಭಾಗದಲ್ಲಿ ಒಂದು ಮನೆ ನೋಡಿದ್ದೇವೆ. ಬೆಲೆ ಕಮ್ಮಿ, ಅದೇ ಅನುಮಾನ. ಏಜೆಂಟ್ ಮಾತ್ರ "ಇದು ಎಕ್ಸ್ ಝೋನ್ (ಸರ್ಕಾರದ ಪ್ರವಾಹ ನಕ್ಷೆಯಲ್ಲಿ ಅಪಾಯ ಕಮ್ಮಿ ಇರುವ ಜಾಗ), ಏನೂ ಯೋಚನೆ ಬೇಡ" ಅಂತಾರೆ. ಆದರೆ ಗ್ಯಾರೇಜಿನ ಒಳಗೋಡೆ ಸೊಂಟದ ಮಟ್ಟದವರೆಗೆ ಹೊಸದು, ಅದರ ಮೇಲೆ ಹಳೇ ಬಣ್ಣ! ಅಷ್ಟರವರೆಗೆ ನೀರು ನುಗ್ಗಿತ್ತೇನೋ ಅಂತ ಅನುಮಾನ.

1935ರ ಪ್ರವಾಹದ ನಂತರ ನಗರ ಉಳಿಸಲು ಕಟ್ಟಿದ ಅಣೆಕಟ್ಟು ಇದು. ಸಾಮಾನ್ಯವಾಗಿ ಒಣಗಿಯೇ ಇರುತ್ತದೆ. ಜೋರು ಮಳೆಗೆ ಗೇಟು ಮುಚ್ಚಿದರೆ ಹಳ್ಳದ ನೀರು ಹಿಂದಕ್ಕೆ ಏರುತ್ತದೆ. 2017ರ ಹಾರ್ವೆ ಚಂಡಮಾರುತದಲ್ಲಿ ನೀರು ಸಮುದ್ರಮಟ್ಟದಿಂದ ಸುಮಾರು 109 ಅಡಿ ಎತ್ತರ ಮುಟ್ಟಿತ್ತು. ಸರ್ಕಾರದ ಜಾಗ ಇರುವುದು ಸುಮಾರು 103 ಅಡಿವರೆಗೆ. ಅದರಾಚೆ ಏರಿದ್ದು ಮನೆಗಳಿಗೇ ಅಲ್ವಾ? ಹೈವೇ 6 ಕೂಡ ಜಲಾಶಯದ ಒಳಗೇ ಹಾದುಹೋಗುತ್ತದೆ.

ಆಗ ಅಲ್ಲಿದ್ದವರು ಯಾರಾದರೂ ಇದ್ದೀರಾ? ನೀರು ಎಷ್ಟು ದಿನ ನಿಂತಿತ್ತು? ಹೈವೇ ಮುಚ್ಚಿದಾಗ ಯಾವ ಕಡೆಯಿಂದ ಹೊರಬಂದಿರಿ? ಫ್ಲಡ್ ಇನ್ಶೂರೆನ್ಸ್ ಈಗ ಎಷ್ಟು ಕಟ್ಟುತ್ತಿದ್ದೀರಿ?

ಮನೆ ಜಲಾಶಯದ ಫ್ಲಡ್ ಪೂಲ್‌ನಲ್ಲಿದೆಯೇ (ಜಲಾಶಯ ತುಂಬಿದಾಗ ಮುಳುಗಬಹುದಾದ ಜಾಗ) ಅಂತ ಮಾರುವವರು ಬರೆದುಕೊಡಬೇಕು, ಟೆಕ್ಸಾಸ್‌ನಲ್ಲಿ 2019ರಿಂದ ಇದು ಕಾನೂನು. ಆ ಫಾರಂ ಕೇಳಿದರೆ ಸುಮ್ನೆ ನಾಳೆ ನಾಳೆ ಅಂತಿದ್ದಾರೆ. ಎಲಿವೇಶನ್ ಸರ್ಟಿಫಿಕೇಟ್ (ಮನೆ ಎಷ್ಟು ಎತ್ತರದಲ್ಲಿದೆ ಅನ್ನುವ ದಾಖಲೆ) ಮಾಡಿಕೊಡುವ ಒಳ್ಳೆ ಸರ್ವೇಯರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಶುಕ್ರವಾರದೊಳಗೆ ಸಹಿ ಹಾಕಬೇಕಂತೆ.