ಹಳ್ಳದಿಣ್ಣೆಯ ಫೋರ್ಕ್‌ಲಿಫ್ಟ್: ‘ಏಡಿ ನಡಿಗೆ’ಯೋ ‘ಓರೆ ನಡೆ’ಯೋ?

ಬಳಗದ ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆಯ ಮರದ ಡಿಪೋ ಒಂದರಲ್ಲಿ ಸಿಲ್ವರ್ ಓಕ್ ದಿಮ್ಮಿಗಳನ್ನು ಸಾಗಿಸುವ ಫೋರ್ಕ್‌ಲಿಫ್ಟ್ ಚಾಲಕರಿಗಾಗಿ ಕನ್ನಡದಲ್ಲಿ ಸೂಚನಾ ಹಾಳೆ ಬರೆದುಕೊಡುತ್ತಿದ್ದೇನೆ. ಫೋರ್ಕ್‌ಲಿಫ್ಟ್ ಎಂದರೆ ಮುಂದೆ ಚಾಚಿದ ಕವಲುಗಳ (ಫೋರ್ಕ್) ಮೇಲೆ ಹೊರೆಯನ್ನು ಎತ್ತಿ ಸಾಗಿಸುವ ಗಾಡಿ. ಆದರೆ ಇದು ಗೋದಾಮಿನ ನುಣುಪು ನೆಲದ ಗಾಡಿಯಲ್ಲ. ದೊಡ್ಡ ಟೈರುಗಳಿರುವ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ, ಕೆಸರಿನಲ್ಲೂ ಓಡಾಡುವ ಯಂತ್ರ. ಇಂಥ ಗಾಡಿಯ ಇಂಗ್ಲಿಷ್ ಹೆಸರಿನಲ್ಲಿರುವ ‘ರಫ್ ಟೆರೈನ್’ ಎಂಬುದು ಹಳೆಯ ಕರಡಿನಲ್ಲಿ ‘ಒರಟು ನೆಲ’ ಎಂದಾಗಿತ್ತು. ಒರಟು ನೆಲವೆಂದರೆ ಕಾಲು ಜಾರದಿರಲೆಂದು ಬಚ್ಚಲಿಗೆ ಹಾಕಿಸುವುದು! ‘ಹಳ್ಳದಿಣ್ಣೆ’ ಎಂದು ಬದಲಿಸಿದೆ. ಅದರಲ್ಲಿ ನನಗೆ ಅನುಮಾನವಿಲ್ಲ.

ತೊಡಕಿರುವುದು ಸ್ಟಿಯರಿಂಗ್ ವಿಧಾನಗಳಲ್ಲಿ. ಇಂಥ ಹಲವು ಯಂತ್ರಗಳನ್ನು ಮೂರು ಬಗೆಯಲ್ಲಿ ತಿರುಗಿಸಬಹುದು. ಎರಡೇ ಚಕ್ರ ತಿರುಗುವುದು ಎಲ್ಲರಿಗೂ ಗೊತ್ತಿರುವಂಥದ್ದು. ಇನ್ನೊಂದರಲ್ಲಿ ಮುಂದಿನ ಚಕ್ರಗಳು ಎಡಕ್ಕಾದರೆ ಹಿಂದಿನವು ಬಲಕ್ಕೆ. ಹಿಂದಿನವು ಮುಂದಿನವುಗಳ ಜಾಡನ್ನೇ ಹಿಡಿಯುವುದರಿಂದ ಗಾಡಿ ಇಕ್ಕಟ್ಟಿನಲ್ಲೂ ತಿರುಗುತ್ತದೆ. ಇದಕ್ಕೆ ‘ಸುತ್ತು ತಿರುವು’ ಎಂದಿದ್ದೇನೆ. ಮೂರನೆಯದರಲ್ಲಿ ನಾಲ್ಕೂ ಚಕ್ರಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ಗಾಡಿಯ ಮೂತಿ ಇದ್ದ ಕಡೆಗೇ ಇರುತ್ತದೆ, ಮೈ ಮಾತ್ರ ಪಕ್ಕಕ್ಕೆ ಸರಿಯುತ್ತಾ ಮುಂದೆ ಹೋಗುತ್ತದೆ. ಫೋರ್ಕಿನ ಮೇಲೆ ಅಡ್ಡಲಾಗಿ ಮಲಗಿದ ದಿಮ್ಮಿಯ ತುದಿಗಳು ಆಚೀಚೆ ಚಾಚಿಕೊಂಡಿರುವಾಗ ಇದರ ಬೆಲೆ ತಿಳಿಯುತ್ತದೆ: ತುದಿ ಬೀಸಿಕೊಂಡು ಹೋಗಿ ಪಕ್ಕದ ರಾಶಿಗೆ ಬಡಿಯುವುದಿಲ್ಲ.

ಇಂಗ್ಲಿಷಿನವರು ಇದಕ್ಕೆ ಏಡಿಯ ಹೆಸರಿಟ್ಟಿದ್ದಾರೆ. ‘ಏಡಿ ನಡಿಗೆ’ ಕೇಳುವುದಕ್ಕೆ ಚೆನ್ನಾಗಿದೆ, ಚಾಲಕರೂ ಒಪ್ಪಿಯಾರು. ಆದರೆ ಗದ್ದೆ ಬದುವಿನ ಏಡಿ ಹೋಗುವುದು ಅಡ್ಡಡ್ಡ; ಈ ಯಂತ್ರ ಹೋಗುವುದು ಓರೆಯಾಗಿ. ಮುಂದೆ ಜಾಗವೇ ಬೇಡ, ನೇರ ಪಕ್ಕಕ್ಕೆ ಸರಿಯುತ್ತದೆ ಎಂದು ನಂಬಿ ಹೊರಟ ಹೊಸ ಚಾಲಕ ಎದುರಿನ ರಾಶಿಗೆ ಗುದ್ದುತ್ತಾನೆ. ಅಡ್ಡ, ಓರೆ ಎಂದು ಬೇರೆ ಬೇರೆ ಮಾತುಗಳು ನಮ್ಮಲ್ಲಿರುವಾಗ ಅವನ್ನು ಏಕೆ ಬಿಡಬೇಕು? ನನ್ನ ಒಲವು ‘ಓರೆ ನಡೆ’ಯ ಕಡೆಗೆ.

ಗಾಡಿಯನ್ನು ಬೇಕಾದಂತೆ ಸುಲಭವಾಗಿ ತಿರುಗಿಸಿ ನಡೆಸಬಹುದಾದ ಗುಣಕ್ಕೆ, ಅಂದರೆ ‘ಮೆನೂವರಬಿಲಿಟಿ’ಗೆ, ‘ಚಲನಶೀಲತೆ’ ಸಾಲದು, ಅದು ಚಲಿಸುವ ಗುಣವನ್ನಷ್ಟೇ ಹೇಳುತ್ತದೆ. ಗೆಳೆಯರೊಬ್ಬರು ‘ಹೊರಳುವಿಕೆ’ ಎಂದರು. ಹೊರಳು ಎಂದರೆ ತಿರುಗು, ನಿಜ. ಉರುಳು ಎಂದೂ ಆಗುತ್ತದೆ. ಇಳಿಜಾರಿನಲ್ಲಿ ಮಗುಚುವ ಭಯವಿರುವ ಯಂತ್ರದ ಬಗ್ಗೆ ‘ಚೆನ್ನಾಗಿ ಹೊರಳುತ್ತದೆ’ ಎಂದು ಬರೆಯಲು ಕೈ ಬರುವುದಿಲ್ಲ. ಸದ್ಯಕ್ಕೆ ನಾಮಪದವನ್ನೇ ಕೈಬಿಟ್ಟು ‘ಇಕ್ಕಟ್ಟಿನಲ್ಲೂ ಸಲೀಸಾಗಿ ತಿರುಗುತ್ತದೆ’ ಎಂದಿದ್ದೇನೆ.

ವಾಲಿದ ನೆಲದ ಮೇಲೆ ನಿಂತಾಗ ಗಾಡಿಯ ಮೈಯನ್ನು ಎಡಕ್ಕೋ ಬಲಕ್ಕೋ ಬಾಗಿಸಿ ಸಮ ಮಾಡಿಕೊಳ್ಳುವ ಏರ್ಪಾಡೂ ಕೆಲವು ಯಂತ್ರಗಳಲ್ಲಿದೆ. ಹೊರೆಯನ್ನು ಮೇಲಕ್ಕೆತ್ತುವ ಮೊದಲೇ ಆಗಬೇಕಾದ ಕೆಲಸ ಅದು. ಗಾರೆಯವರ ಮಾತನ್ನು ತೆಗೆದುಕೊಂಡು ‘ಮೊದಲು ಮಟ್ಟ ಮಾಡಿ, ಆಮೇಲೆ ಎತ್ತಿ’ ಎಂದು ಬರೆದಿದ್ದೇನೆ.

ಹಾಸನ, ಚಿಕ್ಕಮಗಳೂರು ಕಡೆಯ ಚಾಲಕರ ಬಾಯಲ್ಲಿ ಓರೆ ನಡೆಗೆ ಬೇರೆ ಮಾತೇನಾದರೂ ಇದ್ದರೆ ದಯವಿಟ್ಟು ತಿಳಿಸಿ. ತಿರುಗುವಾಗ ಗಾಡಿಯ ಹಿಂಭಾಗ ಹೊರಕ್ಕೆ ಬೀಸುತ್ತದಲ್ಲ, ಅದಕ್ಕೂ ಒಂದು ಚಿಕ್ಕ ಪದ ಬೇಕಾಗಿದೆ. ‘ಹಿಂಬೀಸು’ ಎಂದರೆ ಅರ್ಥವಾದೀತೇ?