ವಿಶೇಷ ಮಕ್ಕಳ ಡೇ ಕೇರ್‌ಗೆ ಐಎಸ್‌ಒ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ

ಹಾಸನದಿಂದ: ನಮ್ಮಲ್ಲಿ 22 ವಿಶೇಷ ಮಕ್ಕಳಿದ್ದಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ನೋಂದಣಿ ಆಗಿದೆ. ಈಗ ದಾನಿಯೊಬ್ಬರು ಐಎಸ್‌ಒ 9001 (ಸಂಸ್ಥೆಯ ಕೆಲಸ ಕ್ರಮಬದ್ಧವಾಗಿದೆ ಎನ್ನುವ ಗುಣಮಟ್ಟದ ಸರ್ಟಿಫಿಕೇಟ್) ಇದ್ದರೆ ಮಾತ್ರ ಹಣ ಎನ್ನುತ್ತಿದ್ದಾರೆ. ಖರ್ಚು, ಕಷ್ಟ ಎಷ್ಟು?

ಸಕಲೇಶಪುರದಿಂದ: ನಾನು ಎರಡು ಸಲ ದುಡ್ಡು ಕಟ್ಟಿದೆ. ಮೊದಲು ಮಧ್ಯವರ್ತಿಯೊಬ್ಬ ಒಂದೇ ವಾರದಲ್ಲಿ ಕೊಡಿಸುತ್ತೇನೆ ಅಂದ. 14,000 ಕೊಟ್ಟೆ. ಸರ್ಟಿಫಿಕೇಟ್ ಕೊರಿಯರ್‌ನಲ್ಲಿ ಬಂತು, ಶಾಲೆಗೆ ಒಬ್ಬರೂ ಬರಲಿಲ್ಲ. ದಾನಿ ಕಡೆಯವರು ಎನ್‌ಎಬಿಸಿಬಿ (ಸರ್ಟಿಫಿಕೇಟ್ ಕೊಡುವ ಕಂಪನಿಗಳನ್ನೇ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಎಲ್ಲಿ ಎಂದು ಕೇಳಿದರು. ಇರಲಿಲ್ಲ. ಐಎಸ್‌ಒ ತಾನಾಗಿ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ, ಕೊಡುವವರು ಬೇರೆ ಕಂಪನಿಯವರು ಅಂತ ಆಗ ಗೊತ್ತಾಯಿತು. ಎರಡನೇ ಸಲ 62,000, ಮೇಲೆ ಜಿಎಸ್‌ಟಿ. ಆಡಿಟರ್ ಕಾರು, ಲಾಡ್ಜ್, ಊಟ 7,300. ಸರ್ಟಿಫಿಕೇಟ್ ಮೂರು ವರ್ಷದ್ದು, ಆದರೆ ವರ್ಷ ವರ್ಷ ಸರ್ವೇಲೆನ್ಸ್ ಆಡಿಟ್‌ಗೆ, ಅಂದರೆ ಮರುತಪಾಸಣೆಗೆ, ಮತ್ತೆ 20,000. ಆ ದುಡ್ಡಲ್ಲಿ ಫಿಸಿಯೋ ಮೇಡಂನ ವಾರಕ್ಕೆ ಇನ್ನೊಂದು ದಿನ ಕರೆಸಬಹುದಿತ್ತು. ಈಗಲೂ ಹೊಟ್ಟೆ ಉರಿಯುತ್ತೆ.

ಚಿಕ್ಕಮಗಳೂರಿನಿಂದ: ದುಡ್ಡು ದಂಡ ಅನ್ನಬೇಡಿ. ನಮ್ಮಲ್ಲಿ ಒಬ್ಬ ಹುಡುಗನಿಗೆ ಫಿಟ್ಸ್ ಮಾತ್ರೆ ಎರಡು ಸಲ ಕೊಟ್ಟುಬಿಟ್ಟಿದ್ದರು. ಬೆಳಿಗ್ಗೆ ಆಯಾ ಕೊಟ್ಟಿದ್ದು ಟೀಚರ್‌ಗೆ ಗೊತ್ತಿಲ್ಲ. ಸಂಜೆವರೆಗೂ ಮಗು ತಲೆ ಎತ್ತಲಿಲ್ಲ, ಅವರಮ್ಮನ ಮುಖ ಇನ್ನೂ ಕಣ್ಣ ಮುಂದಿದೆ. ಆಡಿಟ್‌ಗೆ ತಯಾರಾಗುವಾಗ ಔಷಧಿ ಪುಸ್ತಕ ಶುರು ಮಾಡಿದೆವು. ಕೊಟ್ಟವರ ಸಹಿ, ನೋಡಿದವರ ಸಹಿ, ಗಂಟೆ. ಆಮೇಲೆ ಒಂದು ಸಲವೂ ತಪ್ಪಿಲ್ಲ.

ಅರಸೀಕೆರೆಯ ತಾಯಿ: ಪುಸ್ತಕಕ್ಕೆ ಐಎಸ್‌ಒ ಯಾಕೆ ಬೇಕು ಸರ್? ನನ್ನ ಮಗಳಿಗೆ 16, ಸೆರೆಬ್ರಲ್ ಪಾಲ್ಸಿ. ಅವಳು ಹೋಗುವ ಕಡೆ ಐಎಸ್‌ಒ ಸರ್ಟಿಫಿಕೇಟ್‌ಗೆ ಫ್ರೇಮ್ ಹಾಕಿ ಗೋಡೆಗೆ ತೂಗಿದ್ದಾರೆ. ರ್‍ಯಾಂಪ್ ನೋಡಿ, ಒಂದೂವರೆ ಅಡಿ ಎತ್ತರಕ್ಕೆ ಆರು ಅಡಿ ಉದ್ದ! ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ 18 ಅಡಿ ಬೇಕು. ಮಳೆ ಬಂದರೆ ಗಾಲಿ ಕುರ್ಚಿ ತಳ್ಳಲು ಇಬ್ಬರು ಬೇಕು.

ಚಿಕ್ಕಮಗಳೂರಿನಿಂದ: ಅವರ ತಪ್ಪಿಗೆ ಎಲ್ಲರನ್ನೂ ಬೈಯಬೇಡಿ ಅಮ್ಮಾ. ರ್‍ಯಾಂಪ್ ಅಳೆಯೋದು ಇಲಾಖೆ ಕೆಲಸ.

ಅರಸೀಕೆರೆಯ ತಾಯಿ: ಬೈದಿಲ್ಲ. ಮಗಳು ಎರಡು ಸಲ ಬಿದ್ದಿದ್ದಾಳೆ, ಅದನ್ನು ಹೇಳಿದೆ.

ಕಡೂರಿನ ಟೀಚರ್: ಈ ಫೈಲೆಲ್ಲ ಬರೆಯೋದು ಯಾರು? ನಾವು. ಸಂಬಳ 11,000. ಸಂಜೆ ಎರಡು ಗಂಟೆ ಸುಮ್ನೆ ದಾಖಲೆ. ಜೊತೆಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಉಳಿಸಿಕೊಳ್ಳಲು ಸಿಆರ್‌ಇ ಎನ್ನುವ ಮುಂದುವರಿದ ತರಬೇತಿಯ ತರಗತಿಗಳಿಗೆ ಸ್ವಂತ ದುಡ್ಡಲ್ಲಿ ಹೋಗಬೇಕು. ಆಡಿಟರ್ ಆ ಬಗ್ಗೆ ಕೇಳಿದ್ದೇ ಇಲ್ಲ.

ಸಕಲೇಶಪುರದಿಂದ: ಸಂಬಳ ಜಾಸ್ತಿ ಮಾಡೋಣ ಅಂದ್ರೆ ದುಡ್ಡೆಲ್ಲಿ ಮೇಡಂ? ನಾನು ಹೆಂಡತಿ ಬಳೆ ಅಡ ಇಟ್ಟು ಕರೆಂಟ್ ಬಿಲ್ ಕಟ್ಟಿದ್ದೇನೆ.

ಕಡೂರಿನ ಟೀಚರ್: ಆಡಿಟ್‌ಗೆ 62,000 ಇತ್ತಲ್ವಾ?

ಹಾಸನದಿಂದ: ದಯವಿಟ್ಟು ಜಗಳ ಬೇಡ. ಚಿಕ್ಕಮಗಳೂರಿನ ಸರ್, ಆ ಔಷಧಿ ಪುಸ್ತಕದ ಖಾಲಿ ಪುಟದ ಫೋಟೋ ಕಳಿಸ್ತೀರಾ? ನಾಳೆಯಿಂದಲೇ ಶುರು ಮಾಡುತ್ತೇವೆ. ರ್‍ಯಾಂಪ್‌ಗೂ ಟೇಪ್ ಹಿಡಿದು ನೋಡುತ್ತೇನೆ.