ಪ್ರಶ್ನೋತ್ತರ: ಒಂದೇ ಅಕೌಂಟ್, ಒಟ್ಟಿಗೆ ಹಲವು ಟ್ರಾನ್ಸಾಕ್ಷನ್, ನಾನ್ಸ್ ಗೊಂದಲ

ಹೊಸಬ: ಸರ್, ಎಥೀರಿಯಮ್ ಬ್ಲಾಕ್‌ಚೈನ್‌ನಲ್ಲಿ ನಮ್ಮ ಮೂರು ವರ್ಕರ್ ಪ್ರೋಗ್ರಾಂಗಳು ಒಂದೇ ಅಕೌಂಟ್‌ನಿಂದ ಕಳಿಸುತ್ತವೆ. ಆಗಾಗ 'ನಾನ್ಸ್ ಟೂ ಲೋ' ಎಂದು ಬರುತ್ತದೆ. ಯಾಕೆ?

ನೋಡ್ ಇಂಜಿನಿಯರ್: ನಾನ್ಸ್ ಅಂದರೆ ಅಕೌಂಟ್‌ನ ಟ್ರಾನ್ಸಾಕ್ಷನ್‌ಗಳ ಕ್ರಮಸಂಖ್ಯೆ; ಒಂದು ಸಂಖ್ಯೆ ಒಂದೇ ಸಲ, ಅದೂ ಸರದಿಯಲ್ಲೇ. ಮೂರೂ ಒಂದೇ ಹೊತ್ತಿಗೆ ನೆಟ್‌ವರ್ಕ್‌ನ ಕಂಪ್ಯೂಟರ್ ಆದ ನೋಡ್‌ ಅನ್ನು ಕೇಳಿದರೆ ಮೂರಕ್ಕೂ ಒಂದೇ ಸಂಖ್ಯೆ ಸಿಗುತ್ತದೆ. ಒಂದು ಬ್ಲಾಕ್ ಸೇರಿದರೆ (ಚೈನ್‌ನಲ್ಲಿ ದಾಖಲಾದರೆ) ಉಳಿದವಕ್ಕೆ ಅದು ಹಳೆಯ ಸಂಖ್ಯೆ. ನಾನ್ಸ್ ಕೊಡುವ ಕೆಲಸ ಒಂದೇ ಕಡೆ ಇರಲಿ. ಡೇಟಾಬೇಸ್‌ನಲ್ಲಿ ಲಾಕ್ ಹಾಕಿ ಕೊಡಿ.

ಪೇಔಟ್: ನಮ್ಮಲ್ಲಿ ನಾನ್ಸ್ 41 ಕಳಿಸುವಾಗ ಟೈಮ್‌ಔಟ್ ಆಯಿತು. ಕೋಡ್ ಅದೇ ಪಾವತಿಯನ್ನು 42ರಲ್ಲಿ ಮತ್ತೆ ಕಳಿಸಿತು. 41 ಎಲ್ಲೂ ಕಾಣುತ್ತಿಲ್ಲ, 42, 43 ನಿಂತಿವೆ. 41 ಮತ್ತೆ ಕಳಿಸಲಾ?

ನೋಡ್ ಇಂಜಿನಿಯರ್: ತಡೆಯಿರಿ, ಏನೂ ಕಳಿಸಬೇಡಿ! 41 ಬ್ಲಾಕ್ ಸೇರಿದ ತಕ್ಷಣ 42 ಕೂಡ ಹೊರಡುತ್ತದೆ. ಒಬ್ಬರಿಗೇ ಎರಡು ಸಲ ಹಣ ಹೋಗುತ್ತದೆ. ಟೈಮ್‌ಔಟ್ ಅಂದರೆ ಉತ್ತರ ಬರಲಿಲ್ಲ ಅಂತ ಅಷ್ಟೇ. ಟ್ರಾನ್ಸಾಕ್ಷನ್ ಹೋಗಿರಬಹುದು, ಹೋಗದೆಯೂ ಇರಬಹುದು.

ಮೊದಲು 42ನ್ನು ರದ್ದು ಮಾಡಿ. ಅದೇ ನಾನ್ಸ್‌ನಲ್ಲಿ, ಅದೇ ನೋಡ್ ಮೂಲಕ, ನಿಮ್ಮದೇ ವಿಳಾಸಕ್ಕೆ ಸೊನ್ನೆ ಮೊತ್ತ ಕಳಿಸಿ. ಗೆತ್ (ಎಥೀರಿಯಮ್ ನೋಡ್ ಸಾಫ್ಟ್‌ವೇರ್) ನೋಡ್ ಆದರೆ ಟಿಪ್ (ಬ್ಲಾಕ್ ಕಟ್ಟುವವರಿಗೆ ಕೊಡುವ ಹೆಚ್ಚುವರಿ ಶುಲ್ಕ) ಮತ್ತು ಗರಿಷ್ಠ ಶುಲ್ಕ ಎರಡನ್ನೂ ಕನಿಷ್ಠ 10% ಏರಿಸಬೇಕು. ನೋಡ್ ಹೊಸದನ್ನು ಒಪ್ಪಿಕೊಂಡಿತು ಎಂದು ಖಾತ್ರಿಯಾದ ಮೇಲೆ, 41ರ ಸಹಿಯಾದ ಬೈಟ್‌ಗಳನ್ನೇ ಮತ್ತೆ ಕಳಿಸಿ. ಹೊಸದಾಗಿ ಸಹಿ ಮಾಡಬೇಡಿ. ಅದೇ ಬೈಟ್‌ಗಳು ಎಷ್ಟು ಸಲ ಹೋದರೂ ಹ್ಯಾಶ್ (ಟ್ರಾನ್ಸಾಕ್ಷನ್‌ನ ಗುರುತು) ಒಂದೇ, ಪಾವತಿಯೂ ಒಂದೇ. ಇನ್ನು ಮುಂದೆ ಕಳಿಸುವ ಮೊದಲೇ ಆ ಬೈಟ್‌ಗಳನ್ನು ಉಳಿಸಿಡಿ.

ಗೆಳೆಯ: ಒಂದು ಫಾರ್ವರ್ಡ್ ಬಂದಿತ್ತು. ವಾಲೆಟ್ ರಿಸೆಟ್ ಮಾಡಿ 43ಕ್ಕೆ ಗ್ಯಾಸ್ ಶುಲ್ಕ ಜಾಸ್ತಿ ಕೊಟ್ಟರೆ ಸರಿಹೋಗುತ್ತಂತೆ.

ನೋಡ್ ಇಂಜಿನಿಯರ್: ದಯವಿಟ್ಟು ಇದನ್ನು ಹಂಚಬೇಡಿ. ರಿಸೆಟ್ ಅಳಿಸುವುದು ವಾಲೆಟ್‌ನ ಪಟ್ಟಿಯನ್ನು ಮಾತ್ರ. ಹಿಂದಿನದು ಹೋಗದೆ 43 ಎಷ್ಟು ಶುಲ್ಕಕ್ಕೂ ಹೋಗಲ್ಲ.

ಕ್ಯೂ ಪ್ರಿಯ: ಹತ್ತು ಅಕೌಂಟ್ ಇಟ್ಟುಕೊಂಡರೆ ಈ ತಲೆನೋವೇ ಇಲ್ಲ, ಅಲ್ವಾ?

ಹೊಸಬ: ಹತ್ತಕ್ಕೂ ಬ್ಯಾಲೆನ್ಸ್ ತುಂಬಿಸೋದು ಯಾರು? ನೋಡ್‌ನಿಂದ ಪೆಂಡಿಂಗ್ ಎಣಿಕೆ (ಬಾಕಿ ಇರುವವನ್ನೂ ಸೇರಿಸಿದ ಎಣಿಕೆ) ಕೇಳಿದರೆ ಸಾಕು.

ಕ್ಯೂ ಪ್ರಿಯ: ಸಾಕಾ? ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದಿನ ನೋಡ್‌ಗಳು ಒಂದೊಂದು ಒಂದೊಂದು ಎಣಿಕೆ ಹೇಳುತ್ತವೆ. ಪ್ರೊಡಕ್ಷನ್ (ನಿಜವಾದ ಬಳಕೆಯ ವ್ಯವಸ್ಥೆ) ನೋಡಿದ್ದೀರಾ?

ಹೊಸಬ: ನಿಮಗಿಂತ ಜಾಸ್ತಿ ನೋಡಿದ್ದೇನೆ.

ಗೆಳೆಯ: ಟ್ರಾನ್ಸಾಕ್ಷನ್ ವಿಫಲವಾಗಿ ರಿವರ್ಟ್ ಆದರೆ ನಾನ್ಸ್ ವಾಪಸ್ ಸಿಗುತ್ತಾ?

ನೋಡ್ ಇಂಜಿನಿಯರ್: ಇಲ್ಲ. ಬ್ಲಾಕ್ ಸೇರಿದರೆ ಖರ್ಚಾದಂತೆ.

ಓದುಗ: ಸೊಲಾನಾ ಬ್ಲಾಕ್‌ಚೈನ್‌ನಲ್ಲೂ ಹೀಗೇನಾ?

ಇನ್ನೊಬ್ಬ: 'ನಾನ್ಸ್ ಟೂ ಲೋ' ಯಾಕೆ ಬರುತ್ತೆ ಸರ್?

ನೋಡ್ ಇಂಜಿನಿಯರ್: ಮೊದಲ ಉತ್ತರ ಓದಿ.

ಕ್ಯೂ ಪ್ರಿಯ: ಓದುವ ಅಭ್ಯಾಸ ಇಲ್ಲಿ ಯಾರಿಗಿದೆ.

ನೋಡ್ ಇಂಜಿನಿಯರ್: ಜಗಳ ಬೇರೆ ಕಡೆ ಆಡಿ. ಪೇಔಟ್, 42 ಏನಾಯಿತು?

ಪೇಔಟ್: ಬದಲಾಯಿತು. 41 ಹೋಯಿತು, ಹಿಂದೆಯೇ ಸೊನ್ನೆಯ 42 ಕೂಡ. ಆದರೆ 43 ಈಗ ನೋಡ್‌ನ ಪೂಲ್‌ನಲ್ಲೇ (ಕಾಯುತ್ತಿರುವವುಗಳ ಪಟ್ಟಿಯಲ್ಲೇ) ಇಲ್ಲ!

ನೋಡ್ ಇಂಜಿನಿಯರ್: ಗೆತ್‌ನಲ್ಲಿ ಸರದಿ ಬಾರದೆ ನಿಂತವನ್ನು ಡಿಫಾಲ್ಟ್ ಆಗಿ 3 ಗಂಟೆಯ ನಂತರ ಕೈಬಿಡಲಾಗುತ್ತದೆ. ಆದರೂ ಅದರ ಸಹಿ ಸತ್ತಿಲ್ಲ, ಬೇರೆ ನೋಡ್‌ನಲ್ಲಿ ಇರಬಹುದು. 44ಕ್ಕೆ ಹಾರಬೇಡಿ. 43ರ ಅದೇ ಬೈಟ್‌ಗಳನ್ನು ಕಳಿಸಿ.